ಕರಿಹಲಗೆಯ ಪಕ್ಕದಲ್ಲಿ ಕಿರುತೆರೆ

ಉಪಾಧ್ಯಾಯ ವೃತ್ತಿಗೆ ಬರುವವರು ಮೊತ್ತಮೊದಲು ಕಲಿಯಬೇಕಾದುದು ಕರಿಹಲಗೆಯ ಬಳಕೆ ಎಂದು ಹಿಂದಿನ ಟ್ರೈನಿಂಗ್ ಕಾಲೇಜುಗಳ ಗುರುಗಳು ಹೇಳುತ್ತಿದ್ದರು. ಅಕ್ಷರಗಳು ಕೊನೆಯ ಬೆಂಚಿನವರೆಗೆ ಕಾಣುವಂತಿರಬೇಕು, ಸಾಲುಗಳು ಏರಿಳಿಯಬಾರದು, ಬರೆಯುವಾಗ ಮಕ್ಕಳಿಗೆ ಪೂರ್ತಿಯಾಗಿ ಬೆನ್ನು ತಿರುಗಿಸಬಾರದು, ಬರೆದುದನ್ನು ಯಾವಾಗ ಅಳಿಸಬೇಕೆಂಬ ವಿವೇಕವಿರಬೇಕು. ಹೀಗೆ, ನೋಡುವುದಕ್ಕೆ ಸಾಮಾನ್ಯವಾದ ಒಂದು ಹಲಗೆಯ ಹಿಂದೆ ಒಂದು ಶಾಸ್ತ್ರವೇ ಇತ್ತು. ಇಂದಿನ ಶಿಕ್ಷಣಾರ್ಥಿಗೆ ಆ ಹಲಗೆಯ ಪಕ್ಕದಲ್ಲಿ ಬೇರೆ ಸಾಧನಗಳೂ ಎದುರಾಗುತ್ತವೆ. ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಮುಟ್ಟಿದರೆ ಪ್ರತಿಕ್ರಿಯೆ ತೋರುವ ಬಿಳಿಯ ಫಲಕ, ಪಠ್ಯಪುಸ್ತಕದ ಪುಟದಂಚಿನಲ್ಲಿ ಅಚ್ಚಾಗಿರುವ ಚೌಕುಳಿ ಸಂಕೇತ, ಎಲ್ಲಕ್ಕೂ ಮಿಗಿಲಾಗಿ ಪ್ರತಿಯೊಬ್ಬರ ಕೈಯಲ್ಲಿರುವ ಮೊಬೈಲ್ ಫೋನು.

ಗುಜರಾತ್ ಸರಕಾರ 2017ರಲ್ಲಿ ಆರಂಭಿಸಿದ ಜ್ಞಾನಕುಂಜ ಯೋಜನೆಯಿಂದ ಈ ಸಾಧನಗಳು ಸರಕಾರಿ ಪ್ರಾಥಮಿಕ ಶಾಲೆಗಳ ಮೇಲಿನ ತರಗತಿಗಳಿಗೂ ಬಂದಿವೆ. ಅದೇ ವರ್ಷ ಕೇಂದ್ರ ಸರಕಾರ ದೀಕ್ಷಾ ಎಂಬ ವೇದಿಕೆಯನ್ನು ತೆರೆದು, ರಾಜ್ಯರಾಜ್ಯಗಳ ಪಠ್ಯಪುಸ್ತಕಗಳಿಗೆ ದೃಶ್ಯಪಾಠಗಳನ್ನು ಹೊಂದಿಸುವ ಏರ್ಪಾಡು ಮಾಡಿತು. ಬಿ.ಎಡ್. ವ್ಯಾಸಂಗವನ್ನು ಎರಡು ವರ್ಷಕ್ಕೆ ವಿಸ್ತರಿಸಿದ 2014ರ ರಾಷ್ಟ್ರೀಯ ನಿಯಮಾವಳಿಯಲ್ಲಿ ಮಾಹಿತಿ ತಂತ್ರಜ್ಞಾನದ ತಿಳಿವಳಿಕೆ ಒಂದು ಪ್ರತ್ಯೇಕ ಭಾಗವಾಗಿ ಸೇರಿದೆ. ಶಾಲೆಗಳಲ್ಲಿ ಒಟ್ಟು 20 ವಾರಗಳ ಅನುಭವವೂ ಕಡ್ಡಾಯವಾಗಿದೆ.

ಯಂತ್ರವನ್ನು ಹಚ್ಚುವ ಬಗೆಯನ್ನು ಅರ್ಧ ದಿನದಲ್ಲಿ ಕಲಿತುಬಿಡಬಹುದು. ಅದನ್ನು ಯಾವ ಕ್ಷಣದಲ್ಲಿ ನಿಲ್ಲಿಸಬೇಕು, ನಿಲ್ಲಿಸಿ ಏನನ್ನು ಕೇಳಬೇಕು ಎಂಬುದನ್ನು ಕಲಿಯಲು ಮಾತ್ರ ಬಹಳ ಕಾಲ ಹಿಡಿಯುತ್ತದೆ. ಈ ಎರಡನೆಯ ವಿದ್ಯೆಯೇ ನಿಜವಾದ ವಿದ್ಯೆ ಎಂಬುದಕ್ಕೆ ಗುಜರಾತಿನ ಮೂರು ನಗರಗಳ ಅನುಭವ ಸಾಕ್ಷಿಯಾಗಿದೆ. ಅಹಮದಾಬಾದ್, ವಡೋದರಾ, ಸೂರತ್ ಈ ಮೂರೂ ತರುಣ ಶಿಕ್ಷಕರಿಗೆ ಒಂದೊಂದು ಬೇರೆ ಪಾಠವನ್ನು ಹೇಳುತ್ತವೆ. ಅವುಗಳಲ್ಲಿ ಮೊದಲನೆಯದಕ್ಕೆ ಕನ್ನಡ ನಾಡಿನೊಡನೆ ನೇರವಾದ ಸಂಬಂಧವಿದೆ ಎಂಬುದು ಇಲ್ಲಿನ ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ.

ಅಹಮದಾಬಾದಿನಿಂದ ಗುಲ್ಬರ್ಗದ ಶಾಲೆಗೆ

ಅಹಮದಾಬಾದಿನಲ್ಲಿ ಜನಿಸಿದ ಡಾ. ವಿಕ್ರಮ ಸಾರಾಭಾಯಿಯವರು ಬಾಹ್ಯಾಕಾಶ ವಿಜ್ಞಾನವನ್ನು ಹಳ್ಳಿಯ ಮಗುವಿನ ಬಳಿಗೆ ಒಯ್ಯಬೇಕೆಂಬ ಕನಸನ್ನು ಕಂಡವರು. 1969ರಲ್ಲಿ ಭಾರತ ಮತ್ತು ಅಮೆರಿಕಗಳ ನಡುವೆ ಆದ ಒಪ್ಪಂದದಂತೆ, ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತದ ಶಿಕ್ಷಣಕ್ಕೆ ಬಳಸಿಕೊಳ್ಳುವ ಯೋಜನೆ ಸಿದ್ಧವಾಯಿತು. ಸಾರಾಭಾಯಿಯವರು 1971ರ ಡಿಸೆಂಬರ್ 30ರಂದು ತೀರಿಕೊಂಡರು. ತಾವು ಕಂಡ ಕನಸು ನನಸಾದುದನ್ನು ಅವರು ನೋಡಲಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಆ ಪ್ರಯೋಗ ‘ಸೈಟ್’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಅಹಮದಾಬಾದಿನ ಭೂಕೇಂದ್ರದಿಂದ ಹೊರಟ ಸಂಕೇತ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದ್ದ ಉಪಗ್ರಹವನ್ನು ಮುಟ್ಟಿ, ಅಲ್ಲಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಇಳಿಯುತ್ತಿತ್ತು.

ಆ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಗುಲ್ಬರ್ಗ, ರಾಯಚೂರು, ಬಿಜಾಪುರ ಎಂದು ಅಂದು ಕರೆಯಲಾಗುತ್ತಿದ್ದ ಮೂರು ಜಿಲ್ಲೆಗಳ ಹಳ್ಳಿಗಳು ಆಯ್ಕೆಯಾಗಿದ್ದವು. ರೇಡಿಯೋ ಇರುವ ಮನೆಯೇ ಅಪರೂಪವಾಗಿದ್ದ ಊರುಗಳಲ್ಲಿ, ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಬೋಗುಣಿಯಾಕಾರದ ಆಂಟೆನಾ ಶಾಲೆಯ ಅಥವಾ ಪಂಚಾಯಿತಿಯ ಕಟ್ಟಡದ ಬಳಿ ಎದ್ದು ನಿಂತಿತು. ಬೆಳಿಗ್ಗೆ ಒಂದೂವರೆ ಗಂಟೆಯ ಕಾಲ ಮಕ್ಕಳಿಗಾಗಿ, ಸಂಜೆ ಎರಡೂವರೆ ಗಂಟೆಯ ಕಾಲ ಹಿರಿಯರಿಗಾಗಿ ಕಾರ್ಯಕ್ರಮಗಳು ಬಿತ್ತರವಾಗುತ್ತಿದ್ದವು. ಹಿಂದಿ, ಒಡಿಯಾ, ತೆಲುಗು, ಕನ್ನಡ ಈ ನಾಲ್ಕು ಭಾಷೆಗಳಲ್ಲಿ ಒಂದೊಂದಕ್ಕೂ ಬೆಳಗಿನ ಪಾಲು ಸುಮಾರು 22 ನಿಮಿಷ. ಹೀಗೆ, ಸಾಬರಮತಿಯ ದಡದ ನಗರವೊಂದು ಕೃಷ್ಣಾ ಭೀಮಾ ತೀರದ ಮಕ್ಕಳಿಗೆ ಅವರ ತಾಯ್ನುಡಿಯನ್ನು ಆಕಾಶಮಾರ್ಗವಾಗಿ ಕಳುಹಿಸಿಕೊಟ್ಟಿತು ಎಂದರೆ ಅತಿಶಯೋಕ್ತಿಯಲ್ಲ.

ಯಂತ್ರಗಳ ಈ ವೈಭವದ ಹಿಂದೆ ಒಬ್ಬ ವ್ಯಕ್ತಿಯಿದ್ದ. ಆತನೇ ಹಳ್ಳಿಯ ಶಾಲೆಯ ಮಾಸ್ತರ. ಬಹುಪಾಲು ಊರುಗಳಲ್ಲಿ ಪೆಟ್ಟಿಗೆಯ ಬೀಗದಕೈ ಆತನ ಬಳಿ ಇರುತ್ತಿತ್ತು. ಬೆಳಗಿನ ಹೊತ್ತಿನಲ್ಲಿ ಐದರಿಂದ ಹನ್ನೆರಡು ವರ್ಷದವರೆಗಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂಡಿಸಿ, ಕಾರ್ಯಕ್ರಮ ಮುಗಿದ ಮೇಲೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾದವನೂ ಆತನೇ. ಆಕಾಶದಿಂದ ಬಂದ ಪಾಠವನ್ನು ನಿಲ್ಲಿಸುವಂತಿರಲಿಲ್ಲ, ಹಿಂದಕ್ಕೆ ತಿರುಗಿಸುವಂತಿರಲಿಲ್ಲ. ಮಗು ಪ್ರಶ್ನೆ ಕೇಳಿದರೆ ಉತ್ತರಿಸಲು ಪರದೆಯ ಮೇಲಿನ ಮುಖಕ್ಕೆ ಕಿವಿಯಿರಲಿಲ್ಲ. ಆದ್ದರಿಂದ ಕಾರ್ಯಕ್ರಮಕ್ಕೆ ಮೊದಲಿನ ಹತ್ತು ನಿಮಿಷ ಮತ್ತು ಅನಂತರದ ಹತ್ತು ನಿಮಿಷ ಶಿಕ್ಷಕನ ಪಾಲಿಗೆ ಬಿದ್ದವು.

ಈ ಸತ್ಯವನ್ನು ಯೋಜಕರೂ ಮನಗಂಡಿದ್ದರು. ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ವಿಶೇಷ ತರಬೇತಿಯನ್ನು ಅದೇ ಉಪಗ್ರಹದ ಮೂಲಕ ಎರಡು ಸುತ್ತುಗಳಲ್ಲಿ ನಡೆಸಲಾಯಿತು. ಪ್ರತಿ ಸುತ್ತಿನಲ್ಲಿ ಸುಮಾರು 24,000 ಶಿಕ್ಷಕರು 12 ದಿನಗಳ ಕಾಲ ಕಲಿತರು. ಆ ತರಬೇತಿಯಲ್ಲಿ ದೂರದರ್ಶನವಷ್ಟೇ ಇರಲಿಲ್ಲ. ರೇಡಿಯೋ ಪಾಠ, ಅಚ್ಚಾದ ಕೈಪಿಡಿ, ಸುತ್ತಮುತ್ತ ಸಿಗುವ ವಸ್ತುಗಳಿಂದಲೇ ಮಾಡಿ ನೋಡುವ ಪ್ರಯೋಗಗಳು, ಹಾಗೂ ಸ್ಥಳದಲ್ಲಿದ್ದ ಮಾರ್ಗದರ್ಶಕರೊಡನೆ ಚರ್ಚೆ, ಇವೆಲ್ಲವೂ ಒಂದಕ್ಕೊಂದು ಹೊಂದಿಕೊಂಡಿದ್ದವು. ನೋಡಿದ್ದನ್ನು ಕೈಯಿಂದ ಮಾಡದ ಶಿಕ್ಷಕ ಅದನ್ನು ಮಕ್ಕಳಿಂದ ಮಾಡಿಸಲಾರ ಎಂಬುದು ಆ ಏರ್ಪಾಡಿನ ತಳಹದಿಯಾಗಿತ್ತು.

ವರ್ಷದ ಕೊನೆಯಲ್ಲಿ ನಡೆದ ಮೌಲ್ಯಮಾಪನ ಮಿಶ್ರಫಲವನ್ನು ತೋರಿಸಿತು. ಕಾರ್ಯಕ್ರಮ ನೋಡಿದ ಮಕ್ಕಳ ಭಾಷೆ ಬೆಳೆದಿತ್ತು, ಕುತೂಹಲ ಹೆಚ್ಚಿತ್ತು. ಆದರೆ ದೂರದರ್ಶನ ಬಂದಿತೆಂಬ ಒಂದೇ ಕಾರಣದಿಂದ ಶಾಲೆ ಬಿಡುವ ಮಕ್ಕಳು ನಿಲ್ಲಲಿಲ್ಲ. ಕರ್ನಾಟಕದಲ್ಲಿ ಆ ಪ್ರಯೋಗದ ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ಸ್ಥಾಪನೆಯಾಯಿತು. ಶಿಕ್ಷಣಕ್ಕಾಗಿಯೇ ಮೀಸಲಾದ ಎಜುಸ್ಯಾಟ್ ಉಪಗ್ರಹವನ್ನು ಭಾರತ 2004ರ ಸೆಪ್ಟೆಂಬರ್ 20ರಂದು ಹಾರಿಸಿದಾಗ, ಅದನ್ನು ಮೊದಲಿಗೆ ಬಳಸಿಕೊಂಡವುಗಳಲ್ಲಿ ಕರ್ನಾಟಕದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಇತ್ತು.

ಅಹಮದಾಬಾದಿನ ಪಾಠವಿಷ್ಟು: ತೆರೆ ಬೆಳಗುವ ಮೊದಲಿನ ಮತ್ತು ಆರಿದ ಮೇಲಿನ ನಿಮಿಷಗಳು ಶಿಕ್ಷಕರವು. ಅವನ್ನು ಖಾಲಿ ಬಿಟ್ಟರೆ ನಡುವಿನ ನಿಮಿಷಗಳು ಬರಿಯ ನೋಟವಾಗಿ ಕಳೆದುಹೋಗುತ್ತವೆ.

ವಡೋದರಾದ ಆರು ನಿಮಿಷ

ಬೋಧನೋಪಕರಣಗಳು ವಡೋದರಾಕ್ಕೆ ಹೊಸವಲ್ಲ. ಬರೋಡಾ ಸಂಸ್ಥಾನವನ್ನಾಳಿದ ಮೂರನೆಯ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿಯಲ್ಲಿ ಪ್ರಾಯೋಗಿಕವಾಗಿ, 1906ರಲ್ಲಿ ಇಡೀ ಸಂಸ್ಥಾನದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಜಾರಿಗೆ ತಂದ ದೊರೆ. ಅಮೆರಿಕದಿಂದ ಅವರು ಕರೆಸಿಕೊಂಡ ಗ್ರಂಥಾಲಯ ತಜ್ಞ ವಿಲಿಯಂ ಬೋರ್ಡನ್ನರು 1910ರಿಂದ ಕಟ್ಟಿದ ಗ್ರಂಥಾಲಯ ಇಲಾಖೆಯಲ್ಲಿ, ಪುಸ್ತಕಗಳ ಜೊತೆಗೆ ದೃಶ್ಯ ಶಿಕ್ಷಣದ ಒಂದು ಶಾಖೆಯೂ ಇತ್ತು. ಮಾಯಾದೀಪವೆಂದು ಜನ ಕರೆಯುತ್ತಿದ್ದ ಮ್ಯಾಜಿಕ್ ಲ್ಯಾಂಟರ್ನನ್ನೂ ಚಲಚ್ಚಿತ್ರ ಯಂತ್ರವನ್ನೂ ಹಳ್ಳಿಗಳಿಗೆ ಒಯ್ದು, ಓದು ಬಾರದವರಿಗೂ ಚಿತ್ರಗಳ ಮೂಲಕ ತಿಳಿವಳಿಕೆ ಕೊಡುವ ಕೆಲಸ ಆ ಶಾಖೆಯದು. ಇಂದಿನ ಪ್ರೊಜೆಕ್ಟರಿನ ಪೂರ್ವಿಕನನ್ನು ಆ ನಾಡು ನೂರು ವರ್ಷಗಳಿಗೂ ಹಿಂದೆಯೇ ಕಂಡಿತ್ತು.

ಆದರೂ ವಡೋದರಾ ಶಿಕ್ಷಕ ಶಿಕ್ಷಣಕ್ಕೆ ಕೊಟ್ಟ ದೊಡ್ಡ ಕೊಡುಗೆ ಯಾವುದೇ ಯಂತ್ರವಲ್ಲ. ಅದು ಒಂದು ವಿಧಾನ. 1949ರಲ್ಲಿ ಸ್ಥಾಪನೆಯಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಉನ್ನತ ಶಿಕ್ಷಣಾಧ್ಯಯನ ಕೇಂದ್ರ, ‘ಕೇಸ್’ ಎಂಬ ಸಂಕ್ಷಿಪ್ತ ನಾಮದಿಂದ ದೇಶದ ಶಿಕ್ಷಣಶಾಸ್ತ್ರಜ್ಞರಿಗೆಲ್ಲ ಪರಿಚಿತ. 1970ರ ದಶಕದಲ್ಲಿ ಈ ಕೇಂದ್ರದ ವಿದ್ವಾಂಸರು ಮೈಕ್ರೋ ಟೀಚಿಂಗ್ ಎಂದು ಪ್ರಸಿದ್ಧವಾದ ಸೂಕ್ಷ್ಮ ಬೋಧನೆಯನ್ನು ಭಾರತದ ಪರಿಸ್ಥಿತಿಗೆ ಒಗ್ಗಿಸುವ ಕೆಲಸವನ್ನು ಕೈಗೊಂಡರು. ಬಿ.ಕೆ. ಪಾಸಿಯವರು ಈ ವಿಷಯವಾಗಿ ಸಂಪಾದಿಸಿದ ಗ್ರಂಥ 1976ರಲ್ಲಿ ಅಹಮದಾಬಾದಿನಲ್ಲಿ ಪ್ರಕಟವಾಯಿತು.

1963ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರು ಈ ವಿಧಾನವನ್ನು ರೂಪಿಸಿದಾಗ ಅದರ ಹೃದಯಸ್ಥಾನದಲ್ಲಿ ವಿಡಿಯೋ ಧ್ವನಿಚಿತ್ರ ಯಂತ್ರವಿತ್ತು. ಶಿಕ್ಷಣಾರ್ಥಿ ಕೆಲವೇ ಮಕ್ಕಳಿಗೆ ಕೆಲವೇ ನಿಮಿಷ ಪಾಠ ಹೇಳಬೇಕು. ಯಂತ್ರದಲ್ಲಿ ಮೂಡಿದ ತನ್ನ ಪಾಠವನ್ನು ತಾನೇ ನೋಡಬೇಕು. ತಿದ್ದಿಕೊಂಡು ಮತ್ತೆ ಹೇಳಬೇಕು. ಅಂದಿನ ಭಾರತದ ಟ್ರೈನಿಂಗ್ ಕಾಲೇಜುಗಳಿಗೆ ವಿಡಿಯೋ ಯಂತ್ರ ಎಟುಕುವಂತಿರಲಿಲ್ಲ. ಯಂತ್ರವಿಲ್ಲವೆಂದು ಇಲ್ಲಿನ ವಿದ್ವಾಂಸರು ವಿಧಾನವನ್ನು ಕೈಬಿಡಲಿಲ್ಲ. ಸಹಪಾಠಿಗಳೇ ಮಕ್ಕಳಾದರು, ಗುರುಗಳೂ ಗೆಳೆಯರೂ ಟಿಪ್ಪಣಿಯ ಹಾಳೆ ಹಿಡಿದು ಕನ್ನಡಿಯಾದರು. ಪಾಠಕ್ಕೆ 6 ನಿಮಿಷ, ವಿಮರ್ಶೆಗೆ 6 ನಿಮಿಷ, ಹೊಸದಾಗಿ ಯೋಜಿಸಲು 12 ನಿಮಿಷ, ಮರುಪಾಠಕ್ಕೆ 6 ನಿಮಿಷ, ಮರುವಿಮರ್ಶೆಗೆ 6 ನಿಮಿಷ. ಒಟ್ಟು 36 ನಿಮಿಷಗಳ ಈ ಚಕ್ರ ರಾಷ್ಟ್ರೀಯ ಶಿಕ್ಷಣ ಸಂಶೋಧನಾ ಮತ್ತು ತರಬೇತಿ ಪರಿಷತ್ತಿನ ಸಹಯೋಗದಿಂದ ದೇಶದಾದ್ಯಂತ ಹಬ್ಬಿತು. ಮೈಸೂರು, ಧಾರವಾಡ, ಬೆಂಗಳೂರುಗಳಲ್ಲಿ ಬಿ.ಎಡ್. ಓದಿದವರೂ ಈ ಆರು ನಿಮಿಷಗಳ ನಡುಕವನ್ನು ಬಲ್ಲರು.

ಒಂದು ಸಲಕ್ಕೆ ಒಂದೇ ಕೌಶಲ ಎಂಬುದು ಇದರ ಮುಖ್ಯ ನಿಯಮ. ಪಾಠವನ್ನು ಆರಂಭಿಸುವುದು, ಪ್ರಶ್ನೆ ಕೇಳುವುದು, ವಿವರಿಸುವುದು, ಉದಾಹರಣೆ ಕೊಡುವುದು, ಮಗುವಿನ ಉತ್ತರವನ್ನು ಪ್ರೋತ್ಸಾಹಿಸುವುದು, ಕರಿಹಲಗೆಯನ್ನು ಬಳಸುವುದು, ಇವು ಒಂದೊಂದೂ ಪ್ರತ್ಯೇಕ ಅಭ್ಯಾಸ. ಈಜು ಕಲಿಯುವವನನ್ನು ಒಮ್ಮೆಲೆ ನಡುಮಡುವಿಗೆ ತಳ್ಳದೆ ದಡದಲ್ಲಿ ಕೈಕಾಲು ಬಡಿಯಲು ಕಲಿಸಿದಂತೆ.

ಅಂದು ಕಾಲೇಜುಗಳಿಗೆ ಎಟುಕದಿದ್ದ ಯಂತ್ರ ಇಂದು ಪ್ರತಿಯೊಬ್ಬ ಶಿಕ್ಷಣಾರ್ಥಿಯ ಕೈಚೀಲದಲ್ಲಿದೆ. ಮೊಬೈಲ್ ಫೋನನ್ನು ಬೆಂಚಿನ ಮೇಲೆ ಆನಿಸಿಟ್ಟು ತನ್ನ ಆರು ನಿಮಿಷಗಳನ್ನು ತಾನೇ ನೋಡಿಕೊಳ್ಳುವ ಸೌಲಭ್ಯ ಇಂದಿನ ಬಡ ವಿದ್ಯಾರ್ಥಿಗೂ ಉಂಟು. ತಂತ್ರಜ್ಞಾನವನ್ನು ಮಕ್ಕಳ ಕಡೆಗೆ ತಿರುಗಿಸುವ ಮೊದಲು ಒಮ್ಮೆ ತನ್ನ ಕಡೆಗೆ ತಿರುಗಿಸಿಕೊಳ್ಳಬೇಕು. ಇದು ವಡೋದರಾದ ಪಾಠ.

ಗುಂಡಿಗೆಯ ಪಾಠ: ಒಂದು ಉದಾಹರಣೆ

ಈ ಮಾತು ಸ್ಪಷ್ಟವಾಗಲು ಒಬ್ಬ ಶಿಕ್ಷಣಾರ್ಥಿನಿಯನ್ನು ಊಹಿಸಿಕೊಳ್ಳಬಹುದು. ಏಳನೆಯ ತರಗತಿಯ ಮಕ್ಕಳಿಗೆ ರಕ್ತಪರಿಚಲನೆಯ ಪಾಠ. ಪರದೆಯ ಮೇಲೆ ಹೃದಯದ ಚಲಿಸುವ ಚಿತ್ರ. ಕೆಂಪು ನೀಲಿ ಬಣ್ಣಗಳಲ್ಲಿ ರಕ್ತ ಹರಿಯುತ್ತಿದೆ. ಹಿನ್ನೆಲೆಯಲ್ಲಿ ವಿವರಣೆಯ ಧ್ವನಿ. ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಚಿತ್ರ ಮುಗಿದೊಡನೆ ಆಕೆ ‘ತಿಳಿಯಿತೇ?’ ಎಂದು ಕೇಳುತ್ತಾಳೆ. ‘ತಿಳಿಯಿತು’ ಎಂದು ತರಗತಿ ಒಕ್ಕೊರಲಿನಿಂದ ಕೂಗುತ್ತದೆ. ಪಾಠ ಯಶಸ್ವಿಯಾಯಿತೆಂದು ಆಕೆಗೆ ತೋರುತ್ತದೆ.

ಅದೇ ಪಾಠವನ್ನು ಫೋನಿನಲ್ಲಿ ನೋಡಿಕೊಂಡಾಗ ಬೇರೆಯ ಚಿತ್ರವೇ ಕಾಣಬಹುದು. ಆರು ನಿಮಿಷಗಳಲ್ಲಿ ಐದು ನಿಮಿಷ ಮಾತು ಯಂತ್ರದ್ದು ಅಥವಾ ಶಿಕ್ಷಕಿಯದು. ಆಕೆಯ ಮುಖವಿರುವುದು ಪರದೆಯ ಕಡೆಗೆ, ಮಕ್ಕಳ ಕಡೆಗಲ್ಲ. ಕೇಳಿದ್ದು ಒಂದೇ ಪ್ರಶ್ನೆ. ಅದಕ್ಕೆ ‘ಇಲ್ಲ’ ಎನ್ನುವ ಧೈರ್ಯ ಯಾವ ಮಗುವಿಗೂ ಇರುವುದಿಲ್ಲ. ಮುಂದಿನ 12 ನಿಮಿಷಗಳಲ್ಲಿ ಆಕೆ ಪಾಠವನ್ನು ಹೊಸದಾಗಿ ಹೆಣೆಯಬೇಕು.

ಮರುಪಾಠದಲ್ಲಿ ಯಂತ್ರ ಮೊದಲಿಗೆ ಬರುವುದೇ ಇಲ್ಲ. ಮಕ್ಕಳು ಮಣಿಕಟ್ಟಿನ ಮೇಲೆ ಬೆರಳಿಟ್ಟು ತಮ್ಮ ನಾಡಿಯನ್ನು ತಾವೇ ಒಂದು ನಿಮಿಷ ಎಣಿಸುತ್ತಾರೆ. ವಿಶ್ರಾಂತಿಯಲ್ಲಿರುವ ಆ ವಯಸ್ಸಿನ ಮಕ್ಕಳಲ್ಲಿ ಅದು ಸಾಮಾನ್ಯವಾಗಿ 70ರಿಂದ 100ರ ನಡುವೆ ಇರುತ್ತದೆ. ಎದ್ದು ನಿಂತು ಸ್ವಲ್ಪ ಹೊತ್ತು ಕುಪ್ಪಳಿಸಿ ಮತ್ತೆ ಎಣಿಸಿದರೆ ಸಂಖ್ಯೆ ಏರಿರುತ್ತದೆ. ಏಕೆ ಏರಿತು? ಈಗ ಮಕ್ಕಳ ಮನಸ್ಸಿನಲ್ಲಿ ತಮ್ಮದೇ ಆದ ಒಂದು ಪ್ರಶ್ನೆಯಿದೆ. ಆಗ ಚಿತ್ರ ಬರಲಿ, ಧ್ವನಿಯಿಲ್ಲದೆ ಬರಲಿ. ರಕ್ತ ಹೃದಯದ ಬಲಭಾಗವನ್ನು ಸೇರುವಲ್ಲಿ ಚಿತ್ರವನ್ನು ನಿಲ್ಲಿಸಿ, ‘ಇದು ಇನ್ನು ಎಲ್ಲಿಗೆ ಹೋಗಬೇಕು?’ ಎಂದು ಕೇಳಲಿ. ಕೆಲವರು ಕೈಗೆ ಎನ್ನುತ್ತಾರೆ, ಕೆಲವರು ತಲೆಗೆ ಎನ್ನುತ್ತಾರೆ, ಯಾರೋ ಒಬ್ಬರು ಶ್ವಾಸಕೋಶಕ್ಕೆ ಎನ್ನುತ್ತಾರೆ. ಚಿತ್ರ ಮುಂದುವರಿದು ಉತ್ತರ ಹೇಳುತ್ತದೆ. ಊಹೆ ಮಾಡಿದ ಮಗು ಆ ಉತ್ತರವನ್ನು ಮರೆಯುವುದಿಲ್ಲ. ಒಂದು ಆಲಿಕೆ, ಒಂದು ರಬ್ಬರು ನಳಿಕೆ, ಒಂದು ಬಲೂನಿನ ತುಂಡು ಇದ್ದರೆ ಮಕ್ಕಳೇ ಒಂದು ಸ್ಟೆತಾಸ್ಕೋಪನ್ನು ಮಾಡಿ ಗೆಳೆಯನ ಎದೆಬಡಿತವನ್ನು ಕೇಳಬಹುದು. ಆ ಹೊತ್ತಿಗೆ ವಿದ್ಯುತ್ತು ಹೋದರೂ ಪಾಠ ನಿಲ್ಲುವುದಿಲ್ಲ.

ಎರಡೂ ಪಾಠಗಳಲ್ಲಿ ಯಂತ್ರ ಅದೇ, ಚಿತ್ರವೂ ಅದೇ. ಬದಲಾದುದು ಶಿಕ್ಷಕಿಯ ಪ್ರಶ್ನೆ, ಮತ್ತು ಯಂತ್ರ ಮೌನವಾಗಿದ್ದ ಹೊತ್ತು. ಇದನ್ನು ಅಭ್ಯಾಸ ಮಾಡಿಸದೆ ಶಾಲೆಗೆ ಸಾಧನಗಳನ್ನು ಮಾತ್ರ ಕಳುಹಿಸಿದರೆ ಏನಾಗುತ್ತದೆಂಬುದನ್ನು ದೇಶ ಹಿಂದೆಯೇ ಕಂಡಿದೆ. 1984ರಲ್ಲಿ ‘ಕ್ಲಾಸ್’ ಎಂಬ ಯೋಜನೆಯಡಿ 250 ಶಾಲೆಗಳಿಗೆ ಬಿ.ಬಿ.ಸಿ. ಮೈಕ್ರೋ ಗಣಕಯಂತ್ರಗಳು ಬಂದಾಗ, ಅವುಗಳನ್ನು ದಿನನಿತ್ಯದ ಪಾಠದೊಡನೆ ಹೆಣೆಯುವುದೇ ಕಷ್ಟವಾಯಿತು. 2020ರಲ್ಲಿ ಕೋವಿಡ್ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ ಗುಜರಾತಿನ ಮಕ್ಕಳಿಗೆ ದೂರದರ್ಶನದ ಗಿರನಾರ್ ವಾಹಿನಿಯ ಮೂಲಕ ಮನೆಪಾಠಗಳು ಬಂದವು. ಪಾಠ ಮನೆಗೆ ಬಂದಿತು. ಮಗುವಿನ ಹುಬ್ಬು ಗಂಟಿಕ್ಕಿದುದನ್ನು ನೋಡಿ ‘ಎಲ್ಲಿ ತಿಳಿಯಲಿಲ್ಲ?’ ಎಂದು ಕೇಳುವ ಕಣ್ಣು ಅದರೊಡನೆ ಬರಲಿಲ್ಲ.

ಸೂರತ್ತಿನ ಹಲವು ನುಡಿಗಳು

ಮೂರನೆಯ ಪಾಠ ಸೂರತ್ತಿನದು. ಮಗ್ಗ, ಜರಿ, ವಜ್ರಗಳ ಈ ನಗರಕ್ಕೆ ಒಡಿಶಾದ ಗಂಜಾಂ ಜಿಲ್ಲೆಯಿಂದ, ತೆಲುಗು ನಾಡಿನಿಂದ, ಮಹಾರಾಷ್ಟ್ರದಿಂದ, ಉತ್ತರ ಭಾರತದಿಂದ ದುಡಿಯುವ ಕುಟುಂಬಗಳು ಬಂದು ನೆಲೆಸಿವೆ. ಇಲ್ಲಿನ ಮಹಾನಗರಪಾಲಿಕೆಯ ಶಾಲೆಗಳು ಗುಜರಾತಿ, ಮರಾಠಿ, ಹಿಂದಿ, ಉರ್ದು, ಒಡಿಯಾ, ತೆಲುಗು, ಇಂಗ್ಲಿಷ್ ಎಂಬ ಏಳು ಮಾಧ್ಯಮಗಳಲ್ಲಿ ನಡೆಯುತ್ತವೆ. ದೇಶದಲ್ಲಿ ಅಪರೂಪವಾದ ಈ ಔದಾರ್ಯವನ್ನು ಮೆಚ್ಚಲೇಬೇಕು. ಆ ಪಟ್ಟಿಯಲ್ಲಿ ಕನ್ನಡವಿಲ್ಲ. ಕನ್ನಡ ಮನೆಯ ಮಗು ಗುಜರಾತಿ, ಹಿಂದಿ ಅಥವಾ ಇಂಗ್ಲಿಷ್ ತರಗತಿಯಲ್ಲಿಯೇ ಕುಳಿತುಕೊಳ್ಳಬೇಕು. ಬೇರೆ ಭಾಷೆಗಳ ಎಷ್ಟೋ ಮಕ್ಕಳ ಪಾಡೂ ಇದೇ. ಊರು ಬದಲಾದಂತೆ, ಬಾಡಿಗೆಯ ಮನೆ ಬದಲಾದಂತೆ ಅವರ ಶಾಲೆಯೂ ಬದಲಾಗುತ್ತದೆ.

ಇಂಥ ತರಗತಿಯಲ್ಲಿ ಪರದೆಯ ಧ್ವನಿ ಒಂದೇ ಭಾಷೆಯಲ್ಲಿ ಮಾತನಾಡುತ್ತದೆ. ಗುಜರಾತಿ ವಿವರಣೆಯಲ್ಲಿ ‘ಲೋಹಿ’ ಎಂಬ ಪದ ಬಂದಾಗ, ಮನೆಯಲ್ಲಿ ‘ರಕ್ತ’ ಅಥವಾ ‘ನೆತ್ತರು’ ಎನ್ನುವ ಮಗುವಿಗೆ ಒಂದು ಕ್ಷಣ ಕತ್ತಲೆ ಕವಿಯುತ್ತದೆ. ಆ ಕ್ಷಣದಲ್ಲಿ ಚಿತ್ರ ಮುಂದಕ್ಕೆ ಓಡುತ್ತದೆ. ಮುಂದಿನ ವಾಕ್ಯ ಕೈತಪ್ಪುತ್ತದೆ, ಅದರ ಮುಂದಿನದೂ ತಪ್ಪುತ್ತದೆ. ಮಗು ಮಂಕಾಗಿದೆ ಎಂದು ಬೇರೆಯವರು ತೀರ್ಮಾನಿಸಿಬಿಡುವುದು ಹೀಗೆಯೇ. ಯಂತ್ರದ ವೇಗ ಹೆಚ್ಚಿದಷ್ಟೂ ಹಿಂದೆ ಬೀಳುವ ಮಗುವಿನ ದೂರವೂ ಹೆಚ್ಚುತ್ತದೆ.

ಧ್ವನಿಯನ್ನು ನಿಲ್ಲಿಸಿ ಚಿತ್ರವನ್ನು ಮಾತ್ರ ತೋರಿಸುವ ಶಿಕ್ಷಕಿಗೆ ಇಲ್ಲಿ ಒಂದು ದಾರಿ ತೆರೆಯುತ್ತದೆ. ‘ಇದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ?’ ಎಂದು ಆಕೆ ಕೇಳಬಹುದು. ಹೃದಯ ಎಂಬ ಮಾತು ಗುಜರಾತಿ, ಮರಾಠಿ, ಒಡಿಯಾಗಳಿಗೆಲ್ಲ ನೆಂಟ. ಉರ್ದು ಮನೆಯ ಮಗು ದಿಲ್ ಎನ್ನುತ್ತದೆ. ತೆಲುಗು ಮಗು ಗುಂಡೆ ಎಂದರೆ, ಕನ್ನಡದ ಮಗು ಗುಂಡಿಗೆ ಎನ್ನುತ್ತದೆ. ಕರಿಹಲಗೆಯ ಮೇಲೆ ಈ ಪದಗಳು ಸಾಲಾಗಿ ಮೂಡಿದಾಗ, ಇದುವರೆಗೆ ಬಾಯಿ ಬಿಡದ ಮಗುವಿಗೂ ತರಗತಿಯಲ್ಲಿ ಒಂದು ಸ್ಥಾನ ದೊರೆಯುತ್ತದೆ. ಪಾಠದ ಭಾಷೆಯ ಪದವನ್ನು ಕಲಿಯುವುದು ಅದಾದ ಮೇಲೆ ಸುಲಭ.

1975ರ ಆ ಉಪಗ್ರಹದಲ್ಲಿಯೂ ಇದೇ ತತ್ತ್ವವಿತ್ತು ಎಂಬುದು ಗಮನಾರ್ಹ. ಒಂದು ಚಿತ್ರವಾಹಿನಿಯೊಡನೆ ಎರಡು ಧ್ವನಿವಾಹಿನಿಗಳನ್ನು ಕಳುಹಿಸುವ ಏರ್ಪಾಡು ಅದರಲ್ಲಿತ್ತು. ಒಂದೇ ಚಿತ್ರಕ್ಕೆ ಎರಡು ಭಾಷೆಗಳ ಮಾತನ್ನು ಜೋಡಿಸಬಹುದಾಗಿತ್ತು. ಅಹಮದಾಬಾದ್ ಮತ್ತು ವಡೋದರಾಗಳ ನಡುವಿನ ಪೀಜ್ ಗ್ರಾಮದಿಂದ ಖೇಡಾ ಜಿಲ್ಲೆಗೆ ನಡೆಯುತ್ತಿದ್ದ ಗ್ರಾಮೀಣ ಪ್ರಸಾರ 1984ರಲ್ಲಿ ಯುನೆಸ್ಕೋ ಪ್ರಶಸ್ತಿಗೆ ಪಾತ್ರವಾಯಿತು. ಆ ಪ್ರಸಾರವೂ ಹಳ್ಳಿಗರ ಬದುಕನ್ನೂ ಅವರ ಮಾತನ್ನೂ ತೆರೆಗೆ ತಂದು ಗೆದ್ದಿತ್ತು. ಚಿತ್ರ ಎಲ್ಲರಿಗೂ ಒಂದೇ ಇರಬಹುದು; ಮಾತು ಕೇಳುವವರದಾಗಿರಬೇಕು. ಉಪಗ್ರಹ ಎರಡು ಭಾಷೆಗಳನ್ನು ಹೊಂದಿಸಿದರೆ, ತರಗತಿಯ ಶಿಕ್ಷಕಿ ಏಳು ಭಾಷೆಗಳನ್ನು ಹೊಂದಿಸಬಲ್ಲಳು. ಆಕೆಗೆ ಆ ಏಳೂ ಭಾಷೆಗಳು ಬರಬೇಕೆಂದಿಲ್ಲ. ಕೇಳುವ ಮನಸ್ಸಿದ್ದರೆ ಸಾಕು.

ಕಣ್ಣು, ಕಂಠ ಮತ್ತು ಕತ್ತಲೆ

ತರಗತಿಯ ಯಂತ್ರಗಳ ವಿಚಾರದಲ್ಲಿ ಆರೋಗ್ಯದ ಮಾತನ್ನೂ ಮರೆಯಬಾರದು. ಪ್ರೊಜೆಕ್ಟರಿಗಾಗಿ ಕಿಟಕಿಗಳನ್ನೆಲ್ಲ ಮುಚ್ಚಿ ಕೋಣೆಯನ್ನು ಕಗ್ಗತ್ತಲೆ ಮಾಡುವ ರೂಢಿ ಒಳ್ಳೆಯದಲ್ಲ. ಬೆಳಗುವ ಪರದೆಯಿಂದ ಕತ್ತಲೆಯಲ್ಲಿರುವ ಪುಸ್ತಕಕ್ಕೆ, ಪುಸ್ತಕದಿಂದ ಮತ್ತೆ ಪರದೆಗೆ ನೋಟ ಹೊರಳುವಾಗ ಕಣ್ಣುಗಳಿಗೆ ದಣಿವಾಗುತ್ತದೆ. ಗುಜರಾತಿನ ಬೇಸಗೆಯಲ್ಲಿ ಗಾಳಿಯಿಲ್ಲದ ಕೋಣೆ ಮಕ್ಕಳಿಗೆ ತೂಕಡಿಕೆಯನ್ನೂ ತಲೆನೋವನ್ನೂ ತರುತ್ತದೆ. ಪರದೆಯ ಪಕ್ಕದ ಕಿಟಕಿಯನ್ನಷ್ಟೇ ಮುಚ್ಚಿ, ಹಿಂಭಾಗದ ಬೆಳಕನ್ನು ಉಳಿಸಿಕೊಂಡರೆ ಸಾಕಾಗುತ್ತದೆ. 20 ನಿಮಿಷಗಳಿಗೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡುಗಳ ಕಾಲ ನೋಡುವ ಅಭ್ಯಾಸವನ್ನು ನೇತ್ರವೈದ್ಯರು ಹೇಳುತ್ತಾರೆ. ಯಂತ್ರವನ್ನು ನಿಲ್ಲಿಸಿ ಪ್ರಶ್ನೆ ಕೇಳುವ ಶಿಕ್ಷಕಿ, ಅರಿವಿಲ್ಲದೆಯೇ ಮಕ್ಕಳ ಕಣ್ಣುಗಳಿಗೂ ಈ ವಿಶ್ರಾಂತಿಯನ್ನು ಕೊಡುತ್ತಾಳೆ.

ಪರದೆಯಿಂದ ಒಂದು ಅನಿರೀಕ್ಷಿತ ಉಪಕಾರವೂ ಉಂಟು. ಕಣ್ಣು ಕಿರಿದು ಮಾಡಿ ನೋಡುವ ಮಗು, ಪದೇ ಪದೇ ಮುಂದಿನ ಬೆಂಚಿಗೆ ಬರಲು ಹವಣಿಸುವ ಮಗು, ಪಕ್ಕದವರ ಪುಸ್ತಕದಿಂದ ನಕಲು ಮಾಡುವ ಮಗು, ಇವರಲ್ಲಿ ಕೆಲವರಿಗೆ ದೃಷ್ಟಿದೋಷವಿರಬಹುದು. ಅಂಧತ್ವ ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮದಲ್ಲಿ, 6 ಮೀಟರ್ ದೂರದಿಂದ ಅಕ್ಷರಫಲಕವನ್ನು ಓದಿಸಿ ಮಕ್ಕಳ ದೃಷ್ಟಿಯನ್ನು ಪ್ರಾಥಮಿಕವಾಗಿ ಪರೀಕ್ಷಿಸುವ ತರಬೇತಿಯನ್ನು ಶಿಕ್ಷಕರಿಗೇ ಕೊಡಲಾಗುತ್ತದೆ. ಸಕಾಲದಲ್ಲಿ ದೊರೆತ ಒಂದು ಜೊತೆ ಕನ್ನಡಕ ಎಷ್ಟೋ ಮಕ್ಕಳನ್ನು ‘ದಡ್ಡ’ರೆಂಬ ಹಣೆಪಟ್ಟಿಯಿಂದ ಪಾರು ಮಾಡಿದೆ.

ಶಿಕ್ಷಕರ ಕಂಠಕ್ಕೂ ರಕ್ಷಣೆ ಬೇಕು. ಯಂತ್ರದ ಧ್ವನಿಯ ಮೇಲೆ ತಮ್ಮ ಧ್ವನಿಯನ್ನು ಏರಿಸಿ ಮಾತನಾಡುವುದು ಹೊಸ ಶಿಕ್ಷಕರ ಸಾಮಾನ್ಯ ತಪ್ಪು. ಫ್ಯಾನಿನ ಸದ್ದು, ಬೀದಿಯ ಸದ್ದು, ಸ್ಪೀಕರಿನ ಸದ್ದು ಎಲ್ಲವನ್ನೂ ಗೆಲ್ಲಲು ಹೊರಟ ಗಂಟಲು ಕೆಲವೇ ವಾರಗಳಲ್ಲಿ ಕಟ್ಟುತ್ತದೆ. ಎರಡರಲ್ಲಿ ಒಂದು ಮಾತ್ರ ಮಾತನಾಡಬೇಕು. ಆಗಾಗ ನೀರು ಕುಡಿಯಬೇಕು. ಎರಡು ಮೂರು ವಾರಗಳಾದರೂ ಕಂಠ ಒಡೆದೇ ಇದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಕಿವಿ-ಮೂಗು-ಗಂಟಲಿನ ವೈದ್ಯರನ್ನು ಕಾಣಬೇಕು.

ಕನ್ನಡ ಮನೆಗಳಿಗೆ ಒಂದು ಮಾತು

ಗುಜರಾತಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಈ ವಿಷಯಕ್ಕೂ ಹತ್ತಿರದ ಸಂಬಂಧವಿದೆ. ಮನೆಯ ಮಗಳೋ ಸೊಸೆಯೋ ಬಿ.ಎಡ್. ಓದುತ್ತಿದ್ದರೆ, ಆಕೆಯ ಆರು ನಿಮಿಷದ ಪಾಠಕ್ಕೆ ಮನೆಯವರೇ ವಿದ್ಯಾರ್ಥಿಗಳಾಗಬಹುದು. ಅಜ್ಜಿಗೆ ಅರ್ಥವಾಗುವಂತೆ ರಕ್ತಪರಿಚಲನೆಯನ್ನು ಹೇಳಬಲ್ಲವಳು ಏಳನೆಯ ತರಗತಿಗೆ ಹೆದರಬೇಕಾಗಿಲ್ಲ. ಮಕ್ಕಳಿಗೆ ಕನ್ನಡ ಕಲಿಸಬೇಕೆನ್ನುವ ತಂದೆತಾಯಿಯರಿಗೂ, ವಾರಕ್ಕೊಮ್ಮೆ ಕನ್ನಡ ತರಗತಿ ನಡೆಸುವ ಸಂಘಗಳಿಗೂ ಕರ್ನಾಟಕದ ಪಠ್ಯಪುಸ್ತಕಗಳೂ ಅವುಗಳ ದೃಶ್ಯಪಾಠಗಳೂ ದೀಕ್ಷಾ ವೇದಿಕೆಯಲ್ಲಿ ದೊರೆಯುತ್ತವೆ. ಊರಿನಿಂದ ಪುಸ್ತಕ ತರಿಸಲು ಬೇಸಗೆ ರಜೆಯವರೆಗೆ ಕಾಯುತ್ತಿದ್ದ ಕಾಲ ಹೋಯಿತು. ಆದರೆ ಫೋನನ್ನು ಮಗುವಿನ ಕೈಗೆ ಕೊಟ್ಟು ಅಡಿಗೆಮನೆಗೆ ಹೋದರೆ ಕನ್ನಡ ಬರುವುದಿಲ್ಲ. ಪಕ್ಕದಲ್ಲಿ ಕುಳಿತು, ಚಿತ್ರವನ್ನು ನಿಲ್ಲಿಸಿ, ‘ಇದೇನು ಹೇಳು ನೋಡೋಣ?’ ಎಂದು ಕೇಳುವ ತಾಯಿಯ ಮಗುವಿಗೆ ಬರುತ್ತದೆ.

ಮಾಯಾದೀಪ ಹೋಗಿ ದೂರದರ್ಶನ ಬಂದಿತು. ದೂರದರ್ಶನದ ಪಕ್ಕದಲ್ಲಿ ಗಣಕಯಂತ್ರ ಬಂದಿತು. ಈಗ ಪ್ರಶ್ನೆಗೆ ತಾನೇ ಉತ್ತರ ಹೇಳುವ ಕೃತಕ ಬುದ್ಧಿಯ ಯಂತ್ರಗಳೂ ತರಗತಿಯ ಬಾಗಿಲಲ್ಲಿ ನಿಂತಿವೆ. ಸಾಧನಗಳು ಇನ್ನೂ ಬದಲಾಗುತ್ತವೆ. ಯಾವ ಯಂತ್ರ ಬಂದರೂ, ಅದರ ಮುಂದೆ ಕುಳಿತ ನಲವತ್ತು ಮಕ್ಕಳಲ್ಲಿ ಯಾವ ಮಗುವಿನ ಮುಖ ಬಾಡಿದೆಯೆಂದು ಗುರುತಿಸಿ, ಗುಂಡಿಯನ್ನು ಒತ್ತಿ ಚಿತ್ರವನ್ನು ನಿಲ್ಲಿಸುವ ಬೆರಳು ಶಿಕ್ಷಕರದೇ. ಆ ಬೆರಳಿಗೆ ಅಭ್ಯಾಸ ಕೊಡುವುದೇ ಶಿಕ್ಷಕ ಶಿಕ್ಷಣದ ಕೆಲಸ. ಈ ವರ್ಷ ಅಹಮದಾಬಾದ್, ವಡೋದರಾ, ಸೂರತ್ತಿನ ಶಾಲೆಗಳಲ್ಲಿ ಮೊದಲ ಬಾರಿಗೆ ತರಗತಿಯ ಮುಂದೆ ನಿಲ್ಲುವ ತರುಣ ತರುಣಿಯರೆಲ್ಲರಿಗೂ ಆ ಅಭ್ಯಾಸ ಕೈಗೂಡಲಿ.